ಗುಡ್ಡ ಕಾಣುವ ಕಡೆ ಊಟದ ಅಂಗಡಿ ಇಡುವುದು ಹೇಗೆ: ಜಾಗ, ನೆರಳು, ಅಂಬಲಿ, ರೊಟ್ಟಿ

ಜೇವರ್ಗಿಯಿಂದ ಶಹಾಪುರದ ಮೇಲೆ ಸುರಪುರಕ್ಕೆ ಹೋಗುವ ರಸ್ತೆಯಲ್ಲಿ ಸಂಜೆ ಹೊತ್ತು ಕಾರುಗಳು ನಿಲ್ಲುತ್ತಲೇ ಇರುತ್ತವೆ. ಶಹಾಪುರದ ಗುಡ್ಡಗಳು ಒಂದರ ಪಕ್ಕ ಒಂದು ಸೇರಿ ಬುದ್ಧ ಮಲಗಿದ ಹಾಗೆ ಕಾಣುತ್ತವಲ್ಲ, ಅದನ್ನು ನೋಡಲು. ಇಳಿಯುತ್ತಾರೆ, ಮೊಬೈಲ್ ಎತ್ತಿ ಹಿಡಿಯುತ್ತಾರೆ, ಮಕ್ಕಳಿಗೆ ಹಣೆ ಯಾವುದು ಮೂಗು ಯಾವುದು ಅಂತ ತೋರಿಸುತ್ತಾರೆ. ಸ್ವಲ್ಪ ಹೊತ್ತಿಗೆ ಹೊರಟುಬಿಡುತ್ತಾರೆ. ಕೂರಲು ಜಾಗ ಇಲ್ಲ, ಕುಡಿಯಲು ಏನೂ ಇಲ್ಲ, ಇನ್ನೇನು ಮಾಡಬೇಕು?

ಯಾದಗಿರಿ ಕೋಟೆ ಗುಡ್ಡದ ಹತ್ತಿರ, ಸುರಪುರದ ಗುಡ್ಡಗಳ ನಡುವೆ, ಚಿಂಚೋಳಿ ಕಾಡಿನ ದಾರಿಯಲ್ಲಿ, ಬೀದರ್ ಊರಿನ ಅಂಚಿನಲ್ಲಿ, ಎಲ್ಲ ಕಡೆ ಇದೇ ಕತೆ. ನೋಡುವಂಥದ್ದು ಬೇಕಾದಷ್ಟಿದೆ. ಕುಳಿತು ನೋಡುವ ಜಾಗ ಮಾತ್ರ ಕಡಿಮೆ.

ನಾನು ಬೆಂಗಳೂರಿನ ಒಂದು ಮೈಕ್ರೊಬ್ರೂವರಿಯ ಅಡುಗೆಮನೆಯಲ್ಲಿ ಕೆಲಸ ಮಾಡಿ ಬಂದವನು. ಬೀರನ್ನು ಅಲ್ಲೇ ತಯಾರಿಸಿ, ಟ್ಯಾಂಕಿನಿಂದ ಸೀದಾ ಗ್ಲಾಸಿಗೆ ಬಿಟ್ಟು ಕೊಡುವ ಹೋಟೆಲು ಅದು. ಈಗ ಶಹಾಪುರದ ಹೊರಗೆ, ಗುಡ್ಡಕ್ಕೆ ಎದುರಾಗಿ, ನಮ್ಮದೊಂದು ಸಣ್ಣ ಊಟದ ಅಂಗಡಿ ಇದೆ. ಅವ್ವ ಜೋಳದ ಹಿಟ್ಟು ಹುಳಿಸಿ ಅಂಬಲಿ ಕಾಯಿಸುತ್ತಾಳೆ. ಊರಿನ ಅಕ್ಕಂದಿರು ರೊಟ್ಟಿ ಬಡಿಯುತ್ತಾರೆ. ಇಂಥದ್ದೇ ಶುರು ಮಾಡಬೇಕು ಅಂತ ಬೀದರ್, ಚಿಂಚೋಳಿ ಕಡೆಯ ಹುಡುಗರು ಕೇಳುತ್ತಿರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಗುಡ್ಡ ನೋಡಿ ಜನ ಒಂದು ಸಲ ನಿಲ್ಲುತ್ತಾರೆ. ಮತ್ತೆ ಬರಬೇಕು ಅಂದರೆ ಎರಡು ವಿಷಯ ಬೇಕು: ಸಂಜೆ ಐದಕ್ಕೂ ಸುಡದ ಒಂದು ಕುರ್ಚಿ, ಮತ್ತು ಬೇರೆ ಎಲ್ಲೂ ಸಿಗದ, ನಿಮ್ಮಲ್ಲೇ ತಯಾರಾದ ಒಂದು ಪಾನೀಯ.

ಜಾಗವನ್ನು ಏಪ್ರಿಲ್‌ನಲ್ಲಿ ನೋಡಿ

ಡಿಸೆಂಬರ್‌ನಲ್ಲಿ ನಮ್ಮ ಕಡೆ ಎಲ್ಲ ಜಾಗವೂ ಚಂದ. ಆಗ ನೋಡಿ ಮುಂಗಡ ಕೊಡಬೇಡಿ. ಏಪ್ರಿಲ್ ಕೊನೆಯಲ್ಲಿ ಹೋಗಿ. ಸಂಜೆ ಐದಕ್ಕೆ ಹೋಗಿ ಎಂಟರವರೆಗೆ ಅಲ್ಲೇ ಕುಳಿತಿರಿ.

ಯಾದಗಿರಿ, ಶಹಾಪುರ, ಸುರಪುರದ ಗುಡ್ಡ ಅಂದರೆ ಗ್ರಾನೈಟ್ ಬಂಡೆ. ಮಣ್ಣು ಕಡಿಮೆ, ಮರ ಕಡಿಮೆ. ಹಗಲೆಲ್ಲ ಕಾದ ಬಂಡೆ ಹೊತ್ತು ಮುಳುಗಿದ ಮೇಲೆ ಆ ಕಾವನ್ನು ಹೊರಗೆ ಬಿಡುತ್ತದೆ. ಗುಡ್ಡದ ಬುಡದಲ್ಲಿ ಕುಳಿತರೆ ರಾತ್ರಿ ಎಂಟಾದರೂ ಮುಖಕ್ಕೆ ಝಳ ಹೊಡೆಯುತ್ತದೆ. ಆದ್ದರಿಂದ ಬುಡಕ್ಕೆ ಹೋಗಲೇಬೇಡಿ. ದೂರ ನಿಂತರೆ ಇನ್ನೊಂದು ಲಾಭ ಇದೆ. ಹತ್ತಿರದಿಂದ ಬರೀ ಬಂಡೆ ಕಾಣುತ್ತದೆ, ಗುಡ್ಡ ಕಾಣುವುದಿಲ್ಲ. ಕುರ್ಚಿಯಲ್ಲಿ ಕುಳಿತು, ಕತ್ತು ತಿರುಗಿಸದೆ, ಗುಡ್ಡದ ಎರಡೂ ತುದಿ ಒಟ್ಟಿಗೆ ಕಾಣಬೇಕು. ಅಷ್ಟು ದೂರ ಸರಿ. ಕಲ್ಲಿನ ಸಂದಿಯಲ್ಲಿ ಚೇಳು, ಹಾವು ಇರುತ್ತವೆ. ದೂರ ಇದ್ದಷ್ಟು ಆ ಭಯವೂ ಕಡಿಮೆ.

ಆಮೇಲೆ ದಿಕ್ಕು ನೋಡಿ. ಗುಡ್ಡ ನಿಮ್ಮ ಪೂರ್ವಕ್ಕಿದ್ದರೆ ತುಂಬಾ ಒಳ್ಳೆಯದು. ಸಂಜೆ ಸೂರ್ಯ ನಿಮ್ಮ ಬೆನ್ನ ಹಿಂದೆ ಇರುತ್ತಾನೆ. ಕೆಳಗಿನ ಬಿಸಿಲು ಸೀದಾ ಬಂಡೆಗಳ ಮೇಲೆ ಬಿದ್ದು ಕಲ್ಲೆಲ್ಲ ಕೆಂಪಗೆ ಹೊಳೆಯುತ್ತದೆ. ಅಡುಗೆಮನೆಯನ್ನು ಪಶ್ಚಿಮಕ್ಕೆ ಕಟ್ಟಿದರೆ ಅದರ ನೆರಳೇ ಕುರ್ಚಿಗಳ ಮೇಲೆ ಬೀಳುತ್ತದೆ. ಖರ್ಚಿಲ್ಲದ ನೆರಳು! ಗುಡ್ಡ ಪಶ್ಚಿಮಕ್ಕಿದ್ದರೆ ಸೂರ್ಯಾಸ್ತ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಅದಕ್ಕೆ ಮುಂಚೆ ಒಂದು ಗಂಟೆ ಬಿಸಿಲು ಕಣ್ಣಿಗೆ ಚುಚ್ಚುತ್ತದೆ, ಗುಡ್ಡ ಬರೀ ಕಪ್ಪಗೆ ಕಾಣುತ್ತದೆ. ಅಂಥ ಜಾಗವೇ ಸಿಕ್ಕಿದ್ದರೆ ಸುತ್ತಿ ಮೇಲೆತ್ತಬಹುದಾದ ಚಾಪೆ ಪರದೆ ಹಾಕಿಸಿ.

ಇನ್ನು ಮುಂದಿನ ಹೊಲ. ಇದನ್ನು ಯಾರೂ ಯೋಚಿಸುವುದಿಲ್ಲ. ಗುಡ್ಡಕ್ಕೂ ನಿಮಗೂ ನಡುವೆ ಇರುವ ಹೊಲ ನಿಮ್ಮದಲ್ಲ. ಅಲ್ಲಿ ಏನು ಬೆಳೆಯುತ್ತಾರೆ ಕೇಳಿ. ತೊಗರಿ ಆದರೆ ನವೆಂಬರ್ ಹೊತ್ತಿಗೆ ಆಳೆತ್ತರ ಬರುತ್ತದೆ. ನೆಲದ ಮೇಲೆ ಕುರ್ಚಿ ಹಾಕಿದ್ದರೆ ಕಾಣುವುದು ತೊಗರಿ ಗಿಡ, ಗುಡ್ಡದ ತಲೆ ಅಷ್ಟೇ. ಅದಕ್ಕೇ ಮೂರು ಅಡಿ ಎತ್ತರದ ಕಟ್ಟೆ ಕಟ್ಟಿಸಿ, ಅದರ ಮೇಲೆ ಕುರ್ಚಿ ಹಾಕಿ. ಶಹಾಪುರ, ಸುರಪುರದ ಕಡೆ ಕೃಷ್ಣಾ ಕಾಲುವೆ ನೀರು ಬರುವ ಜಾಗದಲ್ಲಿ ಭತ್ತದ ಗದ್ದೆ ಇರುತ್ತದೆ. ಹಸಿರು ಚಂದ, ಸೊಳ್ಳೆ ಜಾಸ್ತಿ. ಹೊತ್ತು ಮುಳುಗುವ ಮುಂಚೆಯೇ ಬೇವಿನ ಎಲೆ ಹೊಗೆ ಹಾಕಿ, ಫ್ಯಾನ್‌ಗಳನ್ನು ಕಾಲಿನ ಮಟ್ಟಕ್ಕೆ ತಿರುಗಿಸಿ. ಸೊಳ್ಳೆ ಕಚ್ಚುವುದು ಮೇಜಿನ ಕೆಳಗೆ.

ಆ ಹೊಲದ ಮಾಲೀಕರ ಜತೆ ಚೆನ್ನಾಗಿರಿ. ನಾಳೆ ಅವರು ಅಲ್ಲಿ ಗೋದಾಮು ಕಟ್ಟಿದರೆ ನಿಮ್ಮ ಅಂಗಡಿ ಮುಗಿಯಿತು. ನಾವು ಜೋಳ, ಸೊಪ್ಪು, ಬದನೆಕಾಯಿಯನ್ನು ಎದುರಿನ ಹೊಲದ ಕಾಕಾನ ಹತ್ತಿರವೇ ಕೊಳ್ಳುತ್ತೇವೆ, ಸಂತೆ ದರಕ್ಕಿಂತ ಸ್ವಲ್ಪ ಮೇಲೆ ಕೊಟ್ಟು. ನಮ್ಮ ಅಂಗಡಿ ನಡೆದರೆ ಅವರಿಗೂ ಲಾಭ ಇರಬೇಕು, ಅಲ್ವಾ?

ಬೀದರ್ ಕಡೆಯವರಿಗೆ ಲೆಕ್ಕ ಬೇರೆ. ಬೀದರ್ ಊರೇ ಕೆಂಪು ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲಿನ ಮೇಲಿದೆ. ಅಲ್ಲಿ ನೀವು ಗುಡ್ಡವನ್ನು ತಲೆ ಎತ್ತಿ ನೋಡುವುದಿಲ್ಲ, ಅಂಚಿನಲ್ಲಿ ಕುಳಿತು ಕೆಳಗಿನ ಬಯಲು ನೋಡುತ್ತೀರಿ. ಗಾಳಿ ಚೆನ್ನಾಗಿ ಬೀಸುತ್ತದೆ, ಬಂಡೆಯ ಝಳ ಇಲ್ಲ. ಆದರೆ ಅಂಚಿಗೆ ಇಟ್ಟಿಗೆ ಗೋಡೆ ಎಬ್ಬಿಸಿದರೆ ನೋಟವೇ ಹೋಗುತ್ತದೆ. ಕಬ್ಬಿಣದ ಸರಳು ಹಾಕಿಸಿ. ಮಗುವಿನ ತಲೆ ತೂರದಷ್ಟು ಹತ್ತಿರ ಹತ್ತಿರ ಇರಲಿ.

ಕಾಗದಪತ್ರದ ವಿಷಯ ಚುಟುಕಾಗಿ ಹೇಳುತ್ತೇನೆ. ಹೊಲದಲ್ಲಿ ಅಂಗಡಿ ಕಟ್ಟುವ ಮುಂಚೆ ಎನ್‌ಎ ಮಾಡಿಸಬೇಕು, ಅಂದರೆ ಭೂಪರಿವರ್ತನೆ. ಪಂಚಾಯಿತಿ ಅಥವಾ ನಗರಸಭೆಯ ಲೈಸೆನ್ಸ್, ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಬೀದರ್ ಕೋಟೆಯಂಥ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. "ಕೋಟೆಗೆ ಹತ್ತಿಕೊಂಡೇ ಜಾಗ ಅದ ರೀ" ಅಂತ ಯಾರಾದರೂ ಆಸೆ ಹುಟ್ಟಿಸಿದರೆ ಮೊದಲು ಟೇಪು ಹಿಡಿದು ಅಳೆಯಿರಿ. ಚಿಂಚೋಳಿ ಕಡೆ ವನ್ಯಜೀವಿಧಾಮದ ಗಡಿ ಎಲ್ಲಿದೆ ಅಂತ ಅರಣ್ಯ ಇಲಾಖೆಯಲ್ಲಿ ಕೇಳಿಯೇ ಮುಂದುವರಿಯಿರಿ.

ನೆರಳು, ನೆಲ, ದೀಪ

ನೆಲಕ್ಕೆ ಶಹಾಬಾದ್ ಫರ್ಸಿ ಹಾಕಿ. ನಮ್ಮದೇ ಕಲ್ಲು, ಸಿಗುತ್ತದೆ, ತೊಳೆಯಲು ಸುಲಭ. ಆದರೆ ನೆರಳಿನ ಕೆಳಗೆ ಮಾತ್ರ. ಬಿಸಿಲಿಗೆ ಬಿಟ್ಟ ಫರ್ಸಿ ಮೇ ತಿಂಗಳಲ್ಲಿ ಅಂಗಾಲು ಸುಡುತ್ತದೆ. ಸಂಜೆ ನಾಲ್ಕೂವರೆಗೆ ಒಂದು ಸಲ ನೀರು ಚೆಲ್ಲಿ. ನಮ್ಮ ಒಣ ಹವೆಗೆ ಆ ನೀರು ಬೇಗ ಆರುತ್ತದೆ, ಆರುವಾಗ ನೆಲದ ಕಾವನ್ನೂ ಎಳೆದುಕೊಂಡು ಹೋಗುತ್ತದೆ.

ಬರೀ ತಗಡಿನ ಛಾವಣಿ ಬೇಡ. ಕಾದ ತಗಡಿನ ಕೆಳಗೆ ಕುಳಿತವರು ಗುಡ್ಡ ನೋಡುವುದಿಲ್ಲ, ಗಡಿಯಾರ ನೋಡುತ್ತಾರೆ. ತಗಡು ಹಾಕಿದ್ದರೆ ಅದರ ಕೆಳಗೆ ಒಂದು ಅಡಿ ಬಿಟ್ಟು ಬಿದಿರಿನ ತಟ್ಟಿ ಕಟ್ಟಿ. ನಡುವೆ ಗಾಳಿ ಓಡಾಡಬೇಕು. ತೊಗರಿ ಕಟ್ಟಿಗೆ, ಕಬ್ಬಿನ ರವದಿ (ಒಣ ಎಲೆ) ಹೊದಿಸಿದರೆ ಇನ್ನೂ ತಂಪು. ಆದರೆ ಒಲೆಯಿಂದ ದೂರ ಇರಲಿ, ಮರಳು ತುಂಬಿದ ಬಕೆಟ್ ಕೈಗೆ ಸಿಗುವ ಹಾಗೆ ಇರಲಿ. ಜಾಗದಲ್ಲಿ ಬೇವಿನ ಮರ ಇದ್ದರೆ ನಕ್ಷೆಯನ್ನು ಮರದ ಸುತ್ತ ಮಾಡಿ. ಮರ ಕಡಿದು ಶೆಡ್ ಹಾಕುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

ಜೂನ್, ಜುಲೈ ತಿಂಗಳಲ್ಲಿ ಪಶ್ಚಿಮದ ಗಾಳಿ ಜೋರು. ಧೂಳು ತಟ್ಟೆಗೇ ಬರುತ್ತದೆ. ಆ ಕಡೆ ಸೊಂಟದೆತ್ತರದ ಗೋಡೆ ಸಾಕು.

ದೀಪದ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಫ್ಲಡ್‌ಲೈಟ್ ಹಾಕಬೇಡಿ. ಬಿಳಿ ಬೆಳಕು ಕಣ್ಣಿಗೆ ಬಿದ್ದರೆ ಕತ್ತಲಲ್ಲಿ ಗುಡ್ಡ ಮಾಯ ಆಗುತ್ತದೆ, ನೀವು ಯಾವುದಕ್ಕೆ ಜಾಗ ಹಿಡಿದಿರೋ ಅದೇ ಇಲ್ಲ. ಮೇಜಿನ ಮಟ್ಟದಲ್ಲಿ, ಮೇಲೆ ಮುಚ್ಚಳ ಇರುವ ಹಳದಿ ದೀಪ ಹಾಕಿ. ಹುಣ್ಣಿಮೆ ಹಿಂದುಮುಂದಿನ ದಿನಗಳಲ್ಲಿ ಅದನ್ನೂ ಅರ್ಧಕ್ಕೆ ಇಳಿಸಿ. ಬೆಳದಿಂಗಳಲ್ಲಿ ಬಂಡೆಗಳು ಒಂದೊಂದಾಗಿ ಎಣಿಸುವಷ್ಟು ಚೆನ್ನಾಗಿ ಕಾಣುತ್ತವೆ. ನಮ್ಮಲ್ಲಿ ಹುಣ್ಣಿಮೆ ದಿನ ಜಾಗ ಹಿಡಿಯಲು ಮೊದಲೇ ಫೋನ್ ಮಾಡುತ್ತಾರೆ. ಸ್ಪೀಕರ್ ಇಡುವುದೇ ಬೇಡ. ರೊಟ್ಟಿ ಬಡಿಯುವ ಸದ್ದು ಕೇಳಿದರೆ ಸಾಕು, ಹಸಿವು ತಾನಾಗಿ ಬರುತ್ತದೆ.

"ಬೀರ್ ಸಿಗ್ತದೇನ್ರಿ?"

ಗುಡ್ಡ, ಗಾಳಿ, ಸಂಜೆ ಮೂರೂ ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳಿದವರ ಮೇಲೆ ಮುನಿಸು ಬೇಡ. ಒಳ್ಳೆಯ ಬೀರ್ ಮಾಡುವವರ ಶ್ರಮ ನಾನು ಹತ್ತಿರದಿಂದ ನೋಡಿದ್ದೇನೆ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದ್ದಕ್ಕೆ ಮಾಲ್ಟ್ ಅಂತಾರೆ. ಅದನ್ನು ತರಿ ತರಿಯಾಗಿ ಒಡೆದು, ಸುಮಾರು 65 ಡಿಗ್ರಿ ಬಿಸಿ ನೀರಿನಲ್ಲಿ ಒಂದು ಗಂಟೆ ನೆನೆಸುತ್ತಾರೆ. ಅದರಲ್ಲಿನ ಪಿಷ್ಟ ಸಕ್ಕರೆ ಆಗುತ್ತದೆ. ಸೋಸಿದ ಸಿಹಿ ನೀರಿಗೆ ಕಹಿ ರುಚಿಗೆ ಹಾಪ್ಸ್ ಹೂ ಹಾಕಿ ಇನ್ನೊಂದು ಗಂಟೆ ಕುದಿಸಿ, ತಣಿಸಿ, ಯೀಸ್ಟ್ ಬೆರೆಸುತ್ತಾರೆ. ಏಲ್ ಅನ್ನುವ ಬಗೆಗೆ 20 ಡಿಗ್ರಿ ಆಸುಪಾಸು ಬೇಕು, ಲಾಗರ್‌ಗೆ ಇನ್ನೂ ತಣ್ಣಗೆ. ಹೊರಗೆ 42 ಡಿಗ್ರಿ ಇರುವ ಊರಿನಲ್ಲಿ ಟ್ಯಾಂಕನ್ನು ವಾರಗಟ್ಟಲೆ 20 ಡಿಗ್ರಿಯಲ್ಲಿ ಇಡಬೇಕು. ಕರೆಂಟು ಹೋದರೂ ಇಡಬೇಕು. ಅದರ ಮೇಲೆ ಅಬಕಾರಿ ಇಲಾಖೆಯ ಮೈಕ್ರೊಬ್ರೂವರಿ ಲೈಸೆನ್ಸ್. ಬಾಟಲಿ ಬೀರ್ ತಂದು ಮಾರುವ ಬಾರ್ ಆಂಡ್ ರೆಸ್ಟೋರೆಂಟ್‌ಗೂ ಸಿಎಲ್-9 ಅನ್ನುವ ಲೈಸೆನ್ಸ್ ಬೇಕು. "ನಾವೇ ತಂದು ಕುಡಿತೀವಿ, ಗ್ಲಾಸ್ ಕೊಡ್ರಿ ಅಣ್ಣ" ಅನ್ನುವವರಿಗೂ ಗ್ಲಾಸ್ ಕೊಡಬೇಡಿ. ಲೈಸೆನ್ಸ್ ಇಲ್ಲದ ಜಾಗದಲ್ಲಿ ಕುಡಿಯಲು ಬಿಟ್ಟರೆ ಕೇಸು ಬೀಳುವುದು ನಿಮ್ಮ ಮೇಲೆ.

ಕೆಲವರು ಕೇಳುತ್ತಾರೆ, ಜೋಳದಲ್ಲೇ ಬೀರ್ ಮಾಡಬಹುದಲ್ಲ ಅಂತ. ಆಫ್ರಿಕಾದಲ್ಲಿ ಮಾಡುತ್ತಾರೆ. ಬುರ್ಕಿನಾ ಫಾಸೊದಲ್ಲಿ ಡೋಲೊ ಅಂತ, ದಕ್ಷಿಣ ಆಫ್ರಿಕಾದಲ್ಲಿ ಮೆಕ್ಕೆಜೋಳವನ್ನೂ ಸೇರಿಸಿ ಉಮ್‌ಕೊಂಬೋಥಿ ಅಂತ, ಜೋಳದ ಮಾಲ್ಟಿನಿಂದಲೇ. ಅದನ್ನು ಕೇಳಿ ಮನೆಯಲ್ಲಿ ಜೋಳ ಮೊಳಕೆ ಕಟ್ಟಿ ಪ್ರಯೋಗ ಮಾಡಲು ಹೋಗಬೇಡಿ. ಲೈಸೆನ್ಸ್ ಇಲ್ಲದೆ ಮಾಡುವುದು ಅಪರಾಧ, ಅದು ಒಂದು. ಜೋಳದ ಎಳೆ ಮೊಳಕೆಯಲ್ಲಿ ವಿಷ ಆಗುವ ಅಂಶ ಇದೆ, ಅದು ಇನ್ನೊಂದು. ಮಳೆ ಇಲ್ಲದೆ ಬಾಡಿದ ಎಳೆ ಜೋಳದ ಹೊಲಕ್ಕೆ ದನ ಬಿಡಬಾರದು ಅಂತ ನಮ್ಮ ರೈತರು ಹೇಳುವುದೂ ಇದೇ ವಿಷಕ್ಕೆ, ಅದು ಸಯನೈಡ್.

ನನ್ನ ಸಲಹೆ ಬೇರೆ. ಜೋಳದ ಅಂಬಲಿ ಮಾಡಿ. ಬ್ರೂವರಿಯಲ್ಲಿ ಬೀರಿಗೆ ಎಷ್ಟು ಗಮನ ಕೊಡುತ್ತಾರೋ ಅಷ್ಟೇ ಗಮನ ಕೊಟ್ಟು ಮಾಡಿ. ಎಳ್ಳ ಅಮಾವಾಸ್ಯೆ ದಿನ ಕಲಬುರಗಿ, ಬೀದರ್ ಕಡೆ ಊರಿಗೆ ಊರೇ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಸೊಪ್ಪು ಕಾಳಿನ ಭಜ್ಜಿ ಜತೆ ಕುಡಿಯುವುದು ಇದನ್ನೇ. ಮೊಮ್ಮಗುವಿನಿಂದ ಅಜ್ಜಿಯವರೆಗೆ ಎಲ್ಲರೂ ಕುಡಿಯುತ್ತಾರೆ. ವರ್ಷಕ್ಕೊಮ್ಮೆ ಸಿಗುವ ಆ ರುಚಿ ದಿನಾ ಸಂಜೆ ಸಿಗುತ್ತದೆ ಅಂದರೆ ಜನ ದಾರಿ ಸುತ್ತು ಹಾಕಿಕೊಂಡಾದರೂ ಬರುತ್ತಾರೆ.

ನಾವು ಮಾಡುವ ರೀತಿ ಹೀಗೆ. ಜೋಳ ಹಿಂಗಾರಿ ಬೆಳೆಯ ಮಾಲ್ದಂಡಿ ತಳಿ. ಹಿಟ್ಟು ಹೊಸದಾಗಿ ಬೀಸಿದ್ದು. ಅರ್ಧ ಕಿಲೋ ಹಿಟ್ಟಿಗೆ ಒಂದು ಲೀಟರ್ ನೀರು, ಗಂಟಿಲ್ಲದ ಹಾಗೆ ಕಲಸಿ ಗಡಿಗೆಗೆ ಹಾಕಿ. ಹಿಂದಿನ ದಿನದ ಹುಳಿ ಹಿಟ್ಟಿನ ನೀರು ಎರಡು ದೊಡ್ಡ ಚಮಚ ಬೆರೆಸಿ. ಮೊದಲ ಸಲ ಮಾಡುವಾಗ ಅದರ ಬದಲು ಒಂದು ಸೌಟು ಹುಳಿ ಮಜ್ಜಿಗೆ. ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಲ್ಲಿಡಿ. ಬೇಸಿಗೆಯಲ್ಲಿ ಆರರಿಂದ ಎಂಟು ಗಂಟೆ ಸಾಕು. ಡಿಸೆಂಬರ್ ಚಳಿಯಲ್ಲಿ ಅದರ ಎರಡು ಪಟ್ಟು ಬೇಕು. ಗಡಿಯಾರ ನಂಬಬೇಡಿ, ಮೂಗು ನಂಬಿ. ಮೇಲೆ ಸಣ್ಣ ಗುಳ್ಳೆ ಬಂದಿರಬೇಕು, ವಾಸನೆ ಹುಳಿಯಾಗಿ, ಹಿತವಾಗಿ ಇರಬೇಕು. ಗುಲಾಬಿ ಅಥವಾ ಕಪ್ಪು ಗೆರೆ ಕಂಡರೆ, ಕೊಳೆತ ವಾಸನೆ ಬಂದರೆ, ಇಡೀ ಗಡಿಗೆ ಚೆಲ್ಲಿ. ಮೇಲಿನದು ತೆಗೆದು ಕೆಳಗಿನದು ಬಳಸುವ ಆಸೆ ಬೇಡ.

ಆಮೇಲೆ ಆರು ಲೀಟರ್ ನೀರಿಗೆ ಉಪ್ಪು ಹಾಕಿ ಕುದಿಸಿ. ಹುಳಿ ಬಂದ ಹಿಟ್ಟನ್ನು ಸಣ್ಣ ಧಾರೆಯಾಗಿ ಬಿಡುತ್ತಾ, ಕಟ್ಟಿಗೆ ಹುಟ್ಟಿನಿಂದ ಬಿಡದೆ ತಿರುವಿ. ಸಣ್ಣ ಉರಿಯಲ್ಲಿ ಹದಿನೈದು ನಿಮಿಷ. ಹಸಿ ವಾಸನೆ ಹೋಗಿ, ಅಂಬಲಿಗೆ ಸ್ವಲ್ಪ ಹೊಳಪು ಬರುತ್ತದೆ. ಪಾತ್ರೆಯನ್ನು ತಣ್ಣೀರಿನ ತೊಟ್ಟಿಯಲ್ಲಿ ಇಟ್ಟು ಬೇಗ ಆರಿಸಿ. ನಡುನಡುವೆ ತಿರುವುತ್ತಿದ್ದರೆ ಕೆನೆ ಕಟ್ಟುವುದಿಲ್ಲ. ಆರಿದ ಮೇಲೆ ಹರವಿಗೆ, ಅಂದರೆ ಮಣ್ಣಿನ ಗಡಿಗೆಗೆ ಹಾಕಿ, ಸುತ್ತ ಒದ್ದೆ ಬಟ್ಟೆ ಸುತ್ತಿ. ಮಾರ್ಚ್‌ನಿಂದ ಮೇವರೆಗೆ ಒಣ ಗಾಳಿಗೆ ಹರವಿ ಚೆನ್ನಾಗಿ ತಂಪು ಕೊಡುತ್ತದೆ. ಮಳೆಗಾಲದ ತೇವದಲ್ಲಿ ಆ ತಂಪು ಬರುವುದಿಲ್ಲ, ಆಗ ಫ್ರಿಜ್ ಬೇಕೇ ಬೇಕು. ಐಸ್ ಮಾತ್ರ ಹಾಕಬೇಡಿ. ತೀರಾ ತಣ್ಣಗಾದರೆ ಜೋಳದ ಘಮ ಗೊತ್ತೇ ಆಗುವುದಿಲ್ಲ.

ಮಜ್ಜಿಗೆಯನ್ನು ಇಡೀ ಪಾತ್ರೆಗೆ ಬೆರೆಸಬೇಡಿ. ಮನೆಯಲ್ಲಿ ಸರಿ, ಅಂಗಡಿಯಲ್ಲಿ ಒಂದು ಗಂಟೆಯೊಳಗೆ ರುಚಿ ಬದಲಾಗುತ್ತದೆ. ಕೇಳಿದಾಗ ಗ್ಲಾಸಿಗೆ ಅರ್ಧ ಅಂಬಲಿ, ಅರ್ಧ ತಣ್ಣನೆ ಮಜ್ಜಿಗೆ. ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಹಸಿಮೆಣಸು ಒಂದು ಚಿಟಿಕೆ. ಈರುಳ್ಳಿ ಆಗಿಂದಾಗ ಹೆಚ್ಚಿದ್ದು. ಈ ಅಳತೆಗೆ 200 ಮಿಲಿಯ ಸುಮಾರು 60 ಗ್ಲಾಸು ಬರುತ್ತದೆ.

ಬ್ರೂವರಿಯಿಂದ ನಾನು ತಂದದ್ದು ಏನೆಂದರೆ, ಒಂದೇ ಅಂಬಲಿಯನ್ನು ಮೂರು ಹದದಲ್ಲಿ ಕೊಡುವುದು. ನಾಲ್ಕೇ ಗಂಟೆ ಹುಳಿಸಿದ ಎಳೆಯದು, ಎಂಟು ಗಂಟೆಯ ನಡುವಿನದು, ಹಿಂದಿನ ರಾತ್ರಿಯೇ ನೆನೆಸಿದ ಖಡಕ್. ಮೂರನ್ನೂ ಸಣ್ಣ ಲೋಟದಲ್ಲಿ ಒಂದು ತಟ್ಟೆಯ ಮೇಲಿಟ್ಟು ಕೊಡುತ್ತೇವೆ. ಕುಡಿದು ನೋಡಿ ತಮಗೆ ಬೇಕಾದದ್ದನ್ನು ದೊಡ್ಡ ಗ್ಲಾಸಿನಲ್ಲಿ ತರಿಸಿಕೊಳ್ಳುತ್ತಾರೆ. ಬೆಂಗಳೂರು, ಹೈದರಾಬಾದಿನಿಂದ ಬಂದವರು ಎಳೆಯದರಿಂದ ಶುರು ಮಾಡುತ್ತಾರೆ. ನಮ್ಮ ಊರಿನ ಹಿರಿಯರು ಸೀದಾ ಖಡಕ್ ಕೇಳುತ್ತಾರೆ. ಬಾಗಿಲ ಹತ್ತಿರ ಕರಿ ಹಲಗೆಯ ಮೇಲೆ ಇಂದಿನ ಜೋಳ ಯಾವ ಹೊಲದ್ದು, ಹಿಟ್ಟು ಯಾವಾಗ ಬೀಸಿದ್ದು, ಎಷ್ಟು ಗಂಟೆ ಹುಳಿಸಿದ್ದು ಅಂತ ಸೀಮೆಸುಣ್ಣದಲ್ಲಿ ಬರೆಯುತ್ತೇವೆ. ಜನ ನಿಂತು ಓದುತ್ತಾರೆ. ಜೋಳ ಬೆಳೆದ ಕಾಕಾ ತನ್ನ ಹೆಸರು ನೋಡಲು ನೆಂಟರನ್ನು ಕರೆದುಕೊಂಡು ಬರುತ್ತಾನೆ.

ನೀರಿನ ಬಗ್ಗೆ ಎಚ್ಚರ. ಯಾದಗಿರಿ ಜಿಲ್ಲೆಯ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಇನ್ನೂ ಗಟ್ಟಿಯಾಗುತ್ತದೆ. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ಬೇಕಿದ್ದರೆ ಆರ್‌ಒ ನೀರೇ ಬಳಸಿ. ರಾತ್ರಿ ಉಳಿದ ಅಂಬಲಿಯನ್ನು ಮರುದಿನಕ್ಕೆ ಇಡಬೇಡಿ. ಬೆಂಗಳೂರಿನಲ್ಲಿ ಬೀರ್ ಸೋಸಿ ಉಳಿದ ಕಾಳಿನ ಹಿಪ್ಪೆಯನ್ನು ಹಸುಗಳಿಗೆ ಒಯ್ಯುತ್ತಿದ್ದರು. ನಮ್ಮಲ್ಲಿ ಉಳಿದದ್ದು ಎದುರಿನ ಕಾಕಾನ ಎಮ್ಮೆಗೆ ಹೋಗುತ್ತದೆ.

ಅಂಬಲಿ ಬೇಡ ಅನ್ನುವವರಿಗೆ ಮಸಾಲೆ ಮಜ್ಜಿಗೆ, ಬೆಲ್ಲ ಹಾಕಿದ ಹುಣಸೆ ಪಾನಕ ಇರಲಿ. ಪಟ್ಟಿ ಉದ್ದ ಮಾಡಬೇಡಿ.

ಜತೆಗೆ ಏನು ಕೊಡಬೇಕು

ಬಿಸಿ ರೊಟ್ಟಿಗೆ ಹೊತ್ತು ಹಿಡಿಯುತ್ತದೆ. ಹಂಚಿನ ಮೇಲೆ ಒಂದು ಸಲಕ್ಕೆ ಒಂದೇ ರೊಟ್ಟಿ. ಹತ್ತು ಮೇಜು ಒಟ್ಟಿಗೆ ಕೇಳಿದರೆ ಎಲ್ಲರೂ ಕಾಯಬೇಕು. ಇದಕ್ಕೆ ಪರಿಹಾರ ನಮ್ಮ ಮನೆಗಳಲ್ಲೇ ಇದೆ: ಮೊದಲೇ ಮಾಡಿ ಒಣಗಿಸಿಟ್ಟ ಖಡಕ್ ರೊಟ್ಟಿ. ಕುಳಿತ ಕೂಡಲೇ ಖಡಕ್ ರೊಟ್ಟಿ ಮುರಿದು, ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಸ್ವಲ್ಪ ಕುಸುಬಿ ಎಣ್ಣೆ ಜತೆ ಮುಂದಿಡಿ. ಕರಕರ ಅನ್ನುವುದು, ಖಾರ, ಉಪ್ಪು, ಮೇಲೊಂದು ಹುಳಿ ಅಂಬಲಿ. ಬೀರಿನ ಜತೆ ಚಿಪ್ಸ್ ಕೊಡುವವರು ಇದನ್ನು ಒಮ್ಮೆ ತಿಂದು ನೋಡಬೇಕು. ಖಡಕ್ ರೊಟ್ಟಿಯನ್ನು ನೀವೇ ಮಾಡಬೇಕಿಲ್ಲ. ಮಹಿಳಾ ಸ್ವಸಹಾಯ ಸಂಘದವರು ಎಲ್ಲ ಊರಲ್ಲೂ ಮಾಡುತ್ತಾರೆ. ಚೌಕಾಸಿ ಮಾಡದೆ ಕೊಳ್ಳಿ.

ಐದರಿಂದ ಏಳರವರೆಗೆ ಇದು, ಜತೆಗೆ ಮಿರ್ಚಿ ಭಜಿ, ಮಂಡಕ್ಕಿ ಒಗ್ಗರಣೆಯ ಸೂಸಲ. ಚಳಿಗಾಲದಲ್ಲಿ ಉಪ್ಪು ನೀರಿನಲ್ಲಿ ಬೇಯಿಸಿದ ಹಸಿ ತೊಗರಿ ಕಾಯಿ ಒಂದು ಬುಟ್ಟಿ ಮೇಜಿನ ಮೇಲಿಟ್ಟರೆ ಮಾತು ನಿಲ್ಲುವುದೇ ಇಲ್ಲ, ಸುಲಿಯುತ್ತಾ ತಿನ್ನುತ್ತಾ ಕೂರುತ್ತಾರೆ. ಜನವರಿಯಲ್ಲಿ ಸಿಕ್ಕಿದಾಗ ಸೀತನಿ, ಅಂದರೆ ಹಸಿ ಕಾಳಿನ ಜೋಳದ ತೆನೆ. ಅದನ್ನು ಬಿಸಿಬಿಸಿಯಾಗಿ ಸುಟ್ಟು ಉದುರಿಸಿಯೇ ಕೊಡಬೇಕು, ಮಾಡಿ ಇಟ್ಟರೆ ರುಚಿ ಹೋಗುತ್ತದೆ.

ಏಳರ ಮೇಲೆ ಊಟ. ಬಿಸಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಗಟ್ಟಿ ಬೇಳೆ, ಅನ್ನ. ಬೇಳೆ ಕಲಬುರಗಿ ತೊಗರಿಯದೇ ಇರಲಿ. 2019ರಲ್ಲಿ ಅದಕ್ಕೆ ಜಿಐ ಮಾನ್ಯತೆ, ಅಂದರೆ ಈ ನೆಲದ್ದೇ ಬೆಳೆ ಎಂಬ ಅಧಿಕೃತ ಗುರುತು ಸಿಕ್ಕಿದೆ, ಹಲಗೆಯ ಮೇಲೆ ಬರೆಯಿರಿ. ಊಟದ ಕೊನೆಗೆ ಬಾಳೆಹಣ್ಣು ಕೊಡುವುದಾದರೆ ಕಮಲಾಪುರದ ಕೆಂಪು ಬಾಳೆ. ಭಾನುವಾರ ಒಂದು ಪಾತ್ರೆ ತಹಾರಿ, ಅಂದರೆ ಮಾಂಸದ ಮಸಾಲೆ ಅನ್ನ ಮಾಡಿ, ಮುಗಿದರೆ ಮುಗಿಯಿತು.

ಹಿಟ್ಟನ್ನು ಎರಡು ಮೂರು ದಿನಕ್ಕೆ ಆಗುವಷ್ಟೇ ಬೀಸಿಸಿ. ಹಳತಾದರೆ ಜಿಗಿ ಹೋಗುತ್ತದೆ, ಬಡಿಯುವಾಗ ಅಂಚು ಒಡೆಯುತ್ತದೆ.

ರೊಟ್ಟಿ ಬಡಿಯುವವರ ಜಾಗದ ಬಗ್ಗೆ ಕಟ್ಟುವಾಗಲೇ ಯೋಚಿಸಿ. ಎಷ್ಟೋ ಖಾನಾವಳಿಗಳಲ್ಲಿ ಅವರನ್ನು ಹಿಂದಿನ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ, ಹೊಗೆಯಲ್ಲಿ ಕೂರಿಸುತ್ತಾರೆ. ನಮ್ಮಲ್ಲಿ ಒಲೆಗಳು ಮುಂದಿನ ಬದಿಯಲ್ಲಿವೆ, ಗಾಳಿ ಹೊಗೆಯನ್ನು ಹೊರಗೆ ಒಯ್ಯುವ ಕಡೆ. ಒಲೆಯ ಮುಂದೆ ಕುಳಿತವರಿಗೂ ಗುಡ್ಡ ಕಾಣುತ್ತದೆ. ಸೊಂಟ ಬಾಗದ ಹಾಗೆ ಕಟ್ಟೆ ಎತ್ತರಿಸಿದ್ದೇವೆ. ಎರಡು ಗಂಟೆಗೊಮ್ಮೆ ಕೈ ಬದಲಾಯಿಸುತ್ತಾರೆ. ಅವರಿಗೆ ದಿನಗೂಲಿಯ ಜತೆ ವಾರದ ರಜೆಯನ್ನೂ ಕೊಡಿ. ಅಂಗಡಿಯ ಹೆಸರು ಉಳಿಯುವುದು ಅವರ ಕೈಯಲ್ಲಿ.

ಇನ್ನು ಕೆಲವು

ಶೌಚಾಲಯ. ಕುಟುಂಬಗಳು ನಿಲ್ಲುತ್ತವೋ ಇಲ್ಲವೋ ಎಂಬುದು ಇದರ ಮೇಲಿದೆ. ಒಳಗಿನಿಂದ ಚಿಲಕ, ದೀಪ, ನೀರು, ಕಸದ ಡಬ್ಬಿ ಇರಬೇಕು. ದಾರಿಯಲ್ಲಿ ಕೂಡ ಬೆಳಕಿರಬೇಕು. ಹೆಣ್ಣುಮಕ್ಕಳು ಒಂದು ಸಲ ನೋಡಿ ಚೆನ್ನಾಗಿದೆ ಅಂದರೆ ಮುಂದಿನ ಸಲ ಅವರೇ ಅಲ್ಲಿ ನಿಲ್ಲಿಸಿ ಅನ್ನುತ್ತಾರೆ. ಬಾರ್ ಲೈಸೆನ್ಸಿಗೆ ಓಡಾಡುವ ಮುಂಚೆ ಇದನ್ನೂ ಲೆಕ್ಕ ಹಾಕಿ. ನಮ್ಮಲ್ಲಿ ಸಂಜೆ ಅಜ್ಜಿ, ಸೊಸೆ, ಮಕ್ಕಳು ಒಟ್ಟಿಗೆ ಬಂದು ಕೂರುತ್ತಾರೆ. ಬಾರ್ ಆದರೆ ಆ ಮೇಜುಗಳು ಖಾಲಿಯಾಗುತ್ತವೆ ಎಂದು ನನಗೆ ಅನಿಸುತ್ತದೆ.

ಮಂಗ ಬರುತ್ತವೆ. ಬಾಳೆಹಣ್ಣು, ಶೇಂಗಾ ಮೇಜಿನ ಮೇಲೆ ತೆರೆದಿಡಬೇಡಿ, ಯಾರಿಗೂ ತಿನ್ನಿಸಲು ಬಿಡಬೇಡಿ. ಪ್ಲಾಸ್ಟಿಕ್ ಲೋಟ ಬೇಡವೇ ಬೇಡ. ಒಂದು ಗಾಳಿಗೆ ಎಲ್ಲ ಎದುರಿನ ಹೊಲದಲ್ಲಿರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಅಂಗಡಿ ತೆರೆಯಬೇಡಿ, ಕೆಲಸದವರು ಬಳಲುತ್ತಾರೆ, ಗಿರಾಕಿಯೂ ಇರುವುದಿಲ್ಲ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ ಇರುವಾಗ ಯಾದಗಿರಿ ರಸ್ತೆಯವರು ಎರಡು ಪಟ್ಟು ಸಾಮಾನು ತರಿಸಿಟ್ಟುಕೊಳ್ಳಿ.

ದುಡ್ಡೆಲ್ಲ ಕಟ್ಟಡಕ್ಕೆ ಹಾಕಿ ಶುರು ಮಾಡಬೇಡಿ. ಮಳೆ ಮುಗಿದ ಮೇಲೆ, ಅಕ್ಟೋಬರ್‌ನಲ್ಲಿ, ಮರದ ಕೆಳಗೆ ನಾಲ್ಕು ಮೇಜು ಹಾಕಿ ಶನಿವಾರ ಭಾನುವಾರ ಮಾತ್ರ ತೆರೆಯಿರಿ. ಅಂಬಲಿ, ಖಡಕ್ ರೊಟ್ಟಿ, ಭಜಿ, ಇಷ್ಟೇ. ಲೈಸೆನ್ಸ್ ಮಾತ್ರ ಮೊದಲ ದಿನದಿಂದಲೇ ಇರಲಿ. ಫೆಬ್ರುವರಿವರೆಗೆ ಹವೆ ಚೆನ್ನಾಗಿರುತ್ತದೆ. ಯಾವ ಮೇಜಿಗೆ ಜನ ಮೊದಲು ಹೋಗುತ್ತಾರೆ, ಯಾವುದು ಕೊನೆಗೆ ತುಂಬುತ್ತದೆ, ಒಂದು ವಹಿಯಲ್ಲಿ ಬರೆದಿಡಿ. ಯಾವ ಹದದ ಅಂಬಲಿ ಬೇಗ ಮುಗಿಯಿತು ಅಂತಲೂ ಬರೆಯಿರಿ. ಮಾರ್ಚ್‌ನಲ್ಲಿ ಗೌಂಡಿಯನ್ನು ಕರೆಸುವಾಗ ಆ ವಹಿ ಕೈಯಲ್ಲಿರಲಿ. ಕಟ್ಟೆ ಎಲ್ಲಿ ಬೇಕು, ನೆರಳು ಎಲ್ಲಿ ಬೇಕು ಅಂತ ಅದನ್ನು ನೋಡಿಯೇ ಗುರುತು ಹಾಕಿಸಿ.